ಎಲೆಯ ಕೋಟೆ, ಥ್ರಿಪ್ಸಿನ ಆಳ್ವಿಕೆ

ವಿಜಯನಗರದ ಅರಸರೂ ಬಹಮನಿ ಸುಲ್ತಾನರೂ ಮತ್ತೆ ಮತ್ತೆ ಕಾದಾಡಿದ ಮುದಗಲ್ ಕೋಟೆಗೆ ಕಲ್ಲು, ಕಂದಕ, ಕಾವಲುಗಾರರೆಲ್ಲ ಬೇಕಾಗಿದ್ದರೆ, ಅಲಂಕಾರಕ್ಕೆಂದು ಅಂಗಳದಲ್ಲಿ ನೆಡುವ, ಅತ್ತಿಯ ಬಳಗದ ಫೈಕಸ್ ಬೆಂಜಮಿನಾ ಗಿಡದಲ್ಲಿ ಸುಮಾರು 3 ಮಿಲಿಮೀಟರ್ ಉದ್ದದ ಕಪ್ಪು ಥ್ರಿಪ್ಸ್ ಕೀಟವು ಒಂದೇ ಎಳೆಯ ಎಲೆಯಿಂದ ಕೋಟೆ ಕಟ್ಟಿಸಿಕೊಳ್ಳುತ್ತದೆ. ಗೈನೈಕೊಥ್ರಿಪ್ಸ್ ಉಜೆಲಿ ಎಂಬ ಈ ಜೀವಿಯು ರಸ ಹೀರಿದಾಗ ಚಿಗುರೆಲೆಯು ನಡುನರದುದ್ದಕ್ಕೂ ಮಡಚಿಕೊಂಡು, ಮೈಮೇಲೆ ಕೆನ್ನೀಲಿ ಚುಕ್ಕೆ ಮೂಡಿಸಿಕೊಂಡು ಗಾಲ್ ಆಗುತ್ತದೆ. ಗಾಲ್ ಎಂದರೆ ಕೀಟದ ಪ್ರಚೋದನೆಗೆ ಒಳಗಾದ ಸಸ್ಯವು ತನ್ನದೇ ಅಂಗಾಂಶದಿಂದ ರೂಪಿಸುವ ವಿಕೃತ ರಚನೆ. ಮೊಟ್ಟೆ, ಮರಿ, ಪ್ರೌಢ ಕೀಟಗಳೆಲ್ಲ ಅದರೊಳಗೆ ಒಟ್ಟಿಗೇ ಸಿಗುತ್ತವೆ, ಖರ್ಚೆಲ್ಲ ಗಿಡದ್ದೇ. ಇದರಿಂದ ಗಿಡ ಸಾಯುವುದು ಅಪರೂಪ. ಕೆಡುವುದು ಅದರ ಅಂದ ಮತ್ತು ಮಾಲೀಕರ ಮನಶ್ಶಾಂತಿ.

ಮೆಣಸಿನಗಿಡದ ಮುಟುರು ರೋಗ ಕಂಡು ನುರಿತ ರಾಯಚೂರು ಸೀಮೆಯ ರೈತರಿಗೆ ಥ್ರಿಪ್ಸ್ ಹೊಸ ನೆಂಟನಲ್ಲವಾದರೂ, ಹೊಲದ ಔಷಧಿಯನ್ನೇ ಇಲ್ಲಿಗೂ ತಂದು ಸಿಂಪಡಿಸಿದರೆ ಮಡಿಕೆಯ ಹೊರಮೈಯಷ್ಟೇ ತೊಯ್ಯುತ್ತದೆ, ಜೊತೆಗೆ ಒಳನುಗ್ಗಿ ಮೊಟ್ಟೆ-ಮರಿಗಳನ್ನು ತಿನ್ನುವ ಮೊಂಟಾಂಡೊನಿಯೋಲ ಎಂಬ ಉಪಕಾರಿ ತಿಗಣೆಯೂ ಸಾಯಬಹುದು. ಆದ್ದರಿಂದ ಮಡಚಿದ ಎಲೆಗಳಿರುವ ತುದಿಗಳನ್ನು ಕತ್ತರಿಸಿ, ಚೀಲದಲ್ಲಿ ಬಿಗಿಯಾಗಿ ಕಟ್ಟಿ ನಾಶಪಡಿಸುವುದೇ ಮೊದಲ ಕೆಲಸ. ಆದರೆ ಗಿಡವನ್ನು ಚೆಂಡಿನಂತೆ ದುಂಡಗಿಡುವ ಹಟದಿಂದ ಸದಾ ಕತ್ತರಿಯಾಡಿಸುವವರು ಹೊಸ ಚಿಗುರು ಬರಿಸಿ, ಕೀಟಕ್ಕೆ ತಾವೇ ಮರು ಆಮಂತ್ರಣ ಕಳುಹಿಸುತ್ತಾರೆ.