ದುಂಡು ದೋಣಿಯ ಕ್ಯಾಪ್ಟನ್

ಬಳ್ಳಾರಿಯ ಏಪ್ರಿಲ್ ತಿಂಗಳ ಮಟಮಟ ಮಧ್ಯಾಹ್ನ. ನಾಯಿಗಳೂ ಲಾರಿ ನೆರಳು ಹುಡುಕಿಕೊಂಡು ಮಲಗಿರುವ ಹೊತ್ತು. ಆಗ ಯಾವುದಾದರೂ ಮಾಳಿಗೆಯ ಮೇಲೆ, ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ತೊಟ್ಟು, ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಜೇಡರ ಬಲೆ ಹೊಡೆಯುವ ಕೋಲಿನಿಂದ ಗಾಳಿಗೆ ಹುಟ್ಟು ಹಾಕುತ್ತಿರುವ ಗಂಡಸು ಕಂಡರೆ ಗಾಬರಿಯಾಗಬೇಡಿ. ಆತ ನಮ್ಮ ಕ್ಯಾಪ್ಟನ್.

ಕ್ಯಾಪ್ಟನ್ ಎಂಬುದು ಹೆಸರಲ್ಲ, ತಳಿ. ನಿಮ್ಮ ಗೆಳೆಯರ ಗುಂಪಿನಲ್ಲೂ ಒಬ್ಬ ಇರುತ್ತಾನೆ. ರಾತ್ರಿ ಹನ್ನೆರಡಕ್ಕೆ ಯೂಕಾನ್ ನದಿಯ ವಿಡಿಯೊ ಕಳಿಸಿ, ಬೆಳಿಗ್ಗೆ ಒಗ್ಗರಣಿ-ಮಿರ್ಚಿ ತಿನ್ನುವಾಗ ‘ನೋಡಿದ್ಯಾ?’ ಎಂದು ಪ್ರಾಣ ತಿನ್ನುತ್ತಾನೆ. ಕೆನಡಾದವರು ಕನೂ ಎಂಬ ಉದ್ದ ಮೂತಿಯ ದೋಣಿಯಲ್ಲಿ ವಾರಗಟ್ಟಲೆ ಹೊಳೆ ಹಿಡಿದು ಹೋಗಿ ದಡದಲ್ಲಿ ಡೇರೆ ಹೊಡೆಯುತ್ತಾರಂತೆ. ‘ಅವರಿಗೆ ಯೂಕಾನ್ ಇದ್ರ ನಮಗ ತುಂಗಭದ್ರಾ ಇಲ್ಲೇನಲೇ?’ ಎಂಬುದು ಇವನ ಪ್ರಶ್ನೆ. ಇದೆ. ಆದರೆ ಹೊಳೆ ಇರುವುದು ಸಿರುಗುಪ್ಪದಲ್ಲಿ, ಇವನಿರುವುದು ಬಳ್ಳಾರಿಯಲ್ಲಿ. ನಲ್ಲಿಯಲ್ಲಿ ನೀರು ಬಂದ ದಿನ ಓಣಿಗೆಲ್ಲ ಹಬ್ಬವಾಗುವ ಊರು ನಮ್ಮದು. ಇಲ್ಲಿ ಹುಟ್ಟಿದವನಿಗೆ ನೀರಿನ ಹುಚ್ಚು ಹತ್ತುವುದು ತಪ್ಪಲ್ಲ. ಅವನ ಹೆಂಡತಿ ಮಾತ್ರ ಈ ಹುಚ್ಚಿಗೆ ಸುಲಭದ ಮದ್ದು ಹೇಳಿದ್ದಳು: ‘ನೀರಾಗ ಇಳಿಯೋ ಆಸಿ ಅಷ್ಟಿದ್ರ ಮೊದ್ಲು ಸಂಪಿಗಿಳಿದು ತೊಳೀರಿ.’

ಯೋಜನೆ ಸರಳವಾಗಿತ್ತು. ಕಂಪ್ಲಿಯಲ್ಲಿ ಹರಗೋಲು ಹತ್ತುವುದು, ನಾಲ್ಕು ದಿನ ಹೊಳೆಗುಂಟ ತೇಲುವುದು, ಮೂರು ರಾತ್ರಿ ದಡದಲ್ಲಿ ಮಲಗುವುದು, ಮಂತ್ರಾಲಯದಲ್ಲಿ ಇಳಿದು ರಾಯರ ದರ್ಶನ ಮಾಡುವುದು. ರಾಯರನ್ನು ಸೇರಿಸಿದ್ದು ಮನೆಯವರ ಒಪ್ಪಿಗೆಗೆ. ಪಯಣಿಗರು ನಾಲ್ವರು: ಕ್ಯಾಪ್ಟನ್, ಕುರುಗೋಡಿನ ಮೇಷ್ಟ್ರು, ಸಿರುಗುಪ್ಪದಲ್ಲಿ ರೈಸ್ ಮಿಲ್ ಇಟ್ಟಿರುವ ಅಣ್ಣ, ನಾನು. ನನ್ನನ್ನು ಸೇರಿಸಿಕೊಂಡದ್ದು ಫೋಟೊ ತೆಗೆಯಲು.

ಮೊದಲ ಮುಹೂರ್ತ 2019ರ ಆಗಸ್ಟ್. ಆ ತಿಂಗಳು ತುಂಗಭದ್ರೆ ಎಷ್ಟು ಉಕ್ಕಿದಳೆಂದರೆ ಹಂಪಿಯ ಸ್ಮಾರಕಗಳಿಗೇ ನೀರು ನುಗ್ಗಿ, ವಿರೂಪಾಪುರಗಡ್ಡೆಯಲ್ಲಿ ಸಿಕ್ಕಿಕೊಂಡ ಪ್ರವಾಸಿಗರನ್ನು ದಡ ಸೇರಿಸುವುದೇ ದೊಡ್ಡ ಕೆಲಸವಾಯಿತು. ‘ನೀರು ಸ್ವಲ್ಪ ಜಾಸ್ತಿ ಐತಿ’ ಎಂದು ಕ್ಯಾಪ್ಟನ್ ಮುಂದೂಡಿದ. ಆಮೇಲೆ ಕೊರೊನಾ. ಆಮೇಲೆ ಅವನ ಮಗಳ ಹತ್ತನೇ ಕ್ಲಾಸು, ಅದು ಕೊರೊನಾಕ್ಕಿಂತ ಬಿಗಿ ಲಾಕ್‌ಡೌನು.

2024ರಲ್ಲಿ ಆಗಸ್ಟ್ 15 ಗುರುವಾರ ಬಂತು. ಶುಕ್ರವಾರ ಒಂದು ರಜೆ ಹಾಕಿದರೆ ನಾಲ್ಕು ದಿನ ಸಲೀಸು. ಡೇರೆ ಬಂತು, ಹಣೆಗೆ ಕಟ್ಟುವ ಟಾರ್ಚು ಬಂತು, ದಿಕ್ಸೂಚಿ ಬಂತು. ಹೊಳೆ ಒಂದೇ ದಿಕ್ಕಿಗೆ ಹರಿಯುವಾಗ ದಿಕ್ಸೂಚಿ ಯಾಕೆಂದು ಮೇಷ್ಟ್ರು ಕೇಳಿದ್ದಕ್ಕೆ ಉತ್ತರ ಬರಲಿಲ್ಲ. ಬಂದದ್ದು ಆಗಸ್ಟ್ 10ರ ರಾತ್ರಿ ಬೇರೆ ಸುದ್ದಿ. ತುಂಗಭದ್ರಾ ಡ್ಯಾಮಿನ ಮೂವತ್ಮೂರು ಗೇಟುಗಳಲ್ಲಿ ಹತ್ತೊಂಬತ್ತನೆಯದರ ಚೈನು ಕಡಿದು ಗೇಟೇ ಕೊಚ್ಚಿಹೋಗಿತ್ತು. ಒತ್ತಡ ತಗ್ಗಿಸಲು ಉಳಿದ ಗೇಟುಗಳನ್ನೂ ಎತ್ತಿದರು. ನದಿ ದಂಡೆಯ ಹಳ್ಳಿಗಳಲ್ಲಿ ಜನ ಜೀವ ಕೈಯಲ್ಲಿ ಹಿಡಿದುಕೊಂಡಿದ್ದರು. ಭತ್ತಕ್ಕೆ ನೀರು ಉಳಿಯುತ್ತದೋ ಇಲ್ಲವೋ ಎಂದು ಮಿಲ್ಲಿನ ಅಣ್ಣ ಎರಡು ರಾತ್ರಿ ಕಣ್ಣು ಮುಚ್ಚಲಿಲ್ಲ. ಕ್ಯಾಪ್ಟನ್ ಮಾತ್ರ ನಂಬಿದ್ದು ಒಂದನ್ನೇ: ‘ಮೂವತ್ಮೂರರಾಗ ಒಂದು, ಅದೂ ನಮ್ ಟ್ರಿಪ್ಪಿಗೆ ಐದು ದಿನ ಮೊದ್ಲು! ನಮ್ಮ ಮ್ಯಾಲೆ ಯಾರದೋ ಕಣ್ಣು ಬಿದ್ದೈತಿ.’ ಹೆಂಡತಿಯಿಂದ ದೃಷ್ಟಿ ತೆಗೆಸಿಕೊಂಡ. ಲೈಫ್ ಜಾಕೆಟ್ಟಿಗೂ.

ಕೊನೆಗೂ ಒಂದು ದೀಪಾವಳಿ ಕಳೆದ ಮೇಲೆ ನಾವು ಹೊರಟೆವು. ನಾಲ್ಕು ದಿನ ಎರಡಾಗಿತ್ತು, ಕಂಪ್ಲಿ ಹೋಗಿ ಕೆಂಚನಗುಡ್ಡದ ಹತ್ತಿರದ ದಡವಾಗಿತ್ತು. ಅಲ್ಲಿ ಒಬ್ಬ ಅಂಬಿಗರ ತಾತ ಹರಗೋಲನ್ನು ಬೋರಲು ಹಾಕಿ ತಳಕ್ಕೆ ಡಾಂಬರು ಬಳಿಯುತ್ತಿದ್ದ. ಬಿದಿರಿನ ಹೆಣಿಗೆ, ಅದರ ಮೇಲೆ ಪ್ಲಾಸ್ಟಿಕ್ ಚೀಲದ ಹೊದಿಕೆ, ಅದರ ಮೇಲೆ ಡಾಂಬರು. ಬೆರಳಿನಿಂದ ಒಂದು ತೂತು ಹುಡುಕುತ್ತಾ ತಲೆ ಎತ್ತದೆ ಕೇಳಿದ:

‘ಎಲ್ಲಿಗೆ ಹೊಂಟೀರಿ ಸಾಮಿ?’

‘ಮಂತ್ರಾಲಯಕ್ಕೆ.’

ಬೆರಳು ನಿಂತಿತು. ‘ಸಿರುಗುಪ್ಪದಾಗ ಬಸ್ಸು ಐತಲ್ರೀ.’

ಕ್ಯಾಪ್ಟನ್ ಎಲ್ಲ ಬಿಡಿಸಿ ಹೇಳಿದ. ಪ್ರಕೃತಿ, ಮೌನ, ನಕ್ಷತ್ರ. ತಾತ ಪೂರ್ತಿ ಕೇಳಿಸಿಕೊಂಡು, ‘ಹೋಗಾಕ ಹೋಗ್ತೀವಿ. ನಡುವ ರಾಜೋಳಿಬಂಡಿ ಒಡ್ಡು ಬರ್ತೈತಿ, ಅಲ್ಲಿ ಹರಗೋಲು ತೆಲಿ ಮ್ಯಾಲೆ ಹೊತ್ತು ದಾಟ್ಬೇಕು. ಬರೋ ಮುಂದ ಹೆಂಗ? ಹೊಳಿ ಹಿಂದಕ್ಕ ಹರೀತೈತೇನು?’ ಎಂದ. ಐದು ವರ್ಷದ ಯೋಜನೆಯಲ್ಲಿ ವಾಪಸ್ ಬರುವುದು ಇರಲಿಲ್ಲ. ಮಂತ್ರಾಲಯ ಅಲ್ಲೇ, ಆ ದಡದಲ್ಲೇ, ಮುಂದಿನ ಹಳ್ಳಿಯಾಗಿ ಕಿರಿದಾಯಿತು.

ಸಾಮಾನು ನೋಡಿ ತಾತ ‘ಹೆಣ್ಣು ಎಲ್ಲಿ, ಹಿಂದ್ಲ ಗಾಡಿಯಾಗ ಬರ್ತೈತೇನ್ರಿ?’ ಎಂದ. ಡೇರೆ, ಮಡಚುವ ಕುರ್ಚಿ ನಾಲ್ಕು, ಗ್ಯಾಸಿನ ಒಲೆ, ಜೊತೆಗೆ ಮಿಲ್ಲಿನ ಅಣ್ಣ ತಂದ ಸೋನಾ ಮಸೂರಿಯ ಇಪ್ಪತ್ತೈದು ಕಿಲೊ ಮೂಟೆ. ನಾಲ್ಕು ಜನರಿಗೆ, ಒಂದು ರಾತ್ರಿಗೆ. ‘ಸಣ್ಣ ಪ್ಯಾಕು ಮಿಲ್ಲಿನಾಗ ಇಲ್ಲಪ್ಪ’ ಎಂದು ಅಣ್ಣ ಸಮಜಾಯಿಷಿ ಕೊಟ್ಟ.

ಆಗ ಬಂದದ್ದು ನಿಜವಾದ ತೊಡಕು. ಹರಗೋಲು ದುಂಡಗಿರುತ್ತದೆ.

ಇದು ಎಲ್ಲರಿಗೂ ಗೊತ್ತಿರುವ ಸಂಗತಿ, ಕ್ಯಾಪ್ಟನ್ನಿಗೂ ಗೊತ್ತಿತ್ತು. ಆದರೆ ಹತ್ತಿ ನಿಂತು ‘ನಾನು ಮುಂದ ಕೂಡ್ತೀನಿ’ ಎಂದಾಗಲೇ ಆ ಜ್ಞಾನ ಅವನಿಗೆ ಪೂರ್ತಿ ತಟ್ಟಿದ್ದು. ಮುಂದು ಯಾವುದು? ತಾತ ಹುಟ್ಟಿನಿಂದ ಒಂದು ಕಡೆ ತೋರಿಸಿದ. ಕ್ಯಾಪ್ಟನ್ ಅಲ್ಲಿ ಕುರ್ಚಿ ಬಿಚ್ಚಿ ಕೂತು, ಕಣ್ಣಿನ ಮೇಲೆ ಕೈ ಅಡ್ಡ ಹಿಡಿದು, ಮುಂದಿನ ಪ್ರವಾಹವನ್ನು ಪರಿಶೀಲಿಸತೊಡಗಿದ. ಹರಗೋಲು ನೀರಿಗೆ ಬಿದ್ದು ಅರ್ಧ ಸುತ್ತು ತಿರುಗಿತು. ಈಗ ಅವನು ನಾವು ಬಿಟ್ಟ ದಡವನ್ನು ಪರಿಶೀಲಿಸುತ್ತಿದ್ದ. ಎದ್ದು ಆಚೆ ಬದಿಗೆ ಬಂದ, ಅದೂ ಹಿಂದಾಯಿತು. ‘ಲೆಫ್ಟ್ ಹೊಡಿ ತಾತಾ!’ ಎನ್ನುವಷ್ಟರಲ್ಲಿ ಲೆಫ್ಟು ರೈಟಾಗಿತ್ತು. ಮೂರನೇ ಸಲ ಕುರ್ಚಿ ಎತ್ತಿದಾಗ ತಾತ ಮೆಲ್ಲಗೆ, ‘ಕುಂದ್ರು ಮಗನಾ, ಮುಂದು ತಾನಾಗೇ ನಿನ್ ಹಂತೇಲಿ ಬರ್ತೈತಿ’ ಎಂದ.

ಮೇಷ್ಟ್ರಿಗೆ ಇದೇ ಸಮಯ ಸಿಕ್ಕಿತು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಇದೇ ಹೊಳೆಯ ಹರಗೋಲು ಕಂಡು ಬರೆದಿದ್ದಾನೆ: ಬುಟ್ಟಿಯಂಥ ದೋಣಿ, ಒಳಗೆ ಬೆತ್ತ, ಹೊರಗೆ ತೊಗಲು, ಹದಿನೈದು ಇಪ್ಪತ್ತು ಮಂದಿಯನ್ನು ಹೊರುತ್ತದೆ, ನೆಟ್ಟಗೆ ಹೋಗಲು ಬಾರದೆ ಗಿರಗಿರ ತಿರುಗುತ್ತಲೇ ಸಾಗುತ್ತದೆ ಎಂದು. ‘ಐನೂರು ವರ್ಷದ ಹಿಂದನ ಎಚ್ಚರಿಕೆ ಕೊಟ್ಟಾನ, ನೀನ ಓದ್ಲಿಲ್ಲ’ ಎಂದರು ಮೇಷ್ಟ್ರು. ಅಷ್ಟರಲ್ಲಿ ಅವರಿಗೇ ತಲೆ ಸುತ್ತಿ, ಪಾಯೆಸನನ್ನು ಅರ್ಧಕ್ಕೆ ಬಿಟ್ಟು ಅಂಚಿಗೆ ಬಗ್ಗಿದರು. ದೂರದ ಬಂಡೆಯೊಂದರ ಮೇಲೆ ಮೊಸಳೆ ಬಿಸಿಲು ಕಾಯುತ್ತಿತ್ತು. ಅದು ನಮ್ಮತ್ತ ನೋಡಲೂ ಇಲ್ಲ. ನಾವು ಕಾಲು ಮಡಚಿ ಕೂತವರು ದಡ ಬರುವ ತನಕ ಬಿಡಿಸಲಿಲ್ಲ.

ಸಂಜೆ ಮರಳ ಮೇಲೆ ಡೇರೆ. ಮಾಳಿಗೆಯ ಮೇಲೆ ಏಳು ನಿಮಿಷಕ್ಕೆ ಎದ್ದು ನಿಲ್ಲುತ್ತಿದ್ದ ಡೇರೆ ಮರಳಲ್ಲಿ ಗೂಟ ಹಿಡಿಯದೆ ಮೂರು ಸಲ ಮಲಗಿತು. ಕೊನೆಗೆ ಅದನ್ನು ನಿಲ್ಲಿಸಿದ್ದು ಒಂದು ಮೂಲೆಗೆ ಒರಗಿಸಿದ ಅಕ್ಕಿ ಮೂಟೆ. ಮೌನವೂ ಸಿಗಲಿಲ್ಲ. ಹೊಳೆಯ ನೀರನ್ನು ಗದ್ದೆಗೆ ಎತ್ತುವ ಪಂಪ್‌ಸೆಟ್ಟುಗಳು ದಂಡೆಗುಂಟ ರಾತ್ರಿಯಿಡೀ ಬಡಿದುಕೊಂಡವು. ಗದ್ದೆಯ ಸೊಳ್ಳೆಗಳು ಸಿರುಗುಪ್ಪದ ಸಮೃದ್ಧಿಗೆ ತಕ್ಕಂತೆ ದಷ್ಟಪುಷ್ಟವಾಗಿದ್ದವು. ಕ್ಯಾಪ್ಟನ್ ನೂಡಲ್ಸ್ ಬೇಯಿಸುತ್ತಿದ್ದಾಗಲೇ ಮಿಲ್ಲಿನ ಅಣ್ಣನ ಆಳು ಬೈಕಿನಲ್ಲಿ ಬಂದು ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ ಇಟ್ಟು ಹೋದ. ‘ಇದು ಕಾಡಿನ ನಿಯಮಕ್ಕೆ ವಿರುದ್ಧ’ ಎಂದು ಕ್ಯಾಪ್ಟನ್ ಆಕ್ಷೇಪಿಸಿದ. ನಾಲ್ಕನೇ ರೊಟ್ಟಿ ಮುರಿಯುತ್ತ.

ಹತ್ತು ಗಂಟೆಗೆ ಹಣೆಯ ಟಾರ್ಚು ಹಾಕಿಕೊಂಡು ಅವನು ‘ಪರಿಸರ ವೀಕ್ಷಣೆ’ಗೆ ಎದ್ದ. ದಡದ ಹಾದಿಯಲ್ಲಿ ಬರುತ್ತಿದ್ದ ಒಂದು ಖಾಲಿ ಟ್ರ್ಯಾಕ್ಟರು ಆ ಬೆಳಕು ಕಂಡದ್ದೇ ಲೈಟು ಆರಿಸಿ, ರಿವರ್ಸ್ ಹೊಡೆದು ಮಾಯವಾಯಿತು. ಅರ್ಧ ತಾಸಿನಲ್ಲಿ ಹಳ್ಳಿಯ ನಾಲ್ವರು ಹಿರಿಯರು ಬಂದು ಕೈಕಟ್ಟಿ ನಿಂತರು.

‘ಸಾಹೇಬ್ರು ಮರಳಿನ ರೈಡಿಗೆ ಬಂದೀರೋ, ಸರ್ವೇಕ್ಕೋ?’

‘ಟ್ರಿಪ್ಪಿಗೆ’ ಎಂದೆ ನಾನು. ನಂಬಲಿಲ್ಲ. ಬುದ್ಧಿ ನೆಟ್ಟಗಿರುವ ಯಾವ ಮನುಷ್ಯ, ಮನೆಯಲ್ಲಿ ಫ್ಯಾನಿದ್ದೂ, ಹೊಳೆ ದಂಡೆಯಲ್ಲಿ ಬಂದು ಸೊಳ್ಳೆ ಕಡಿಸಿಕೊಳ್ಳುತ್ತಾನೆ? ನೇರ ಕ್ಯಾಪ್ಟನ್ನಿನ ಕಿತ್ತಳೆ ಜಾಕೆಟ್ಟಿನ ಕಡೆ ತಿರುಗಿ, ಮಳೆಗಾಲದಲ್ಲಿ ಹೊಳೆ ದಾಟುವ ಪಾಡು, ಬಾಣಂತಿಯರನ್ನು ಹರಗೋಲಿನಲ್ಲಿ ಸಾಗಿಸುವ ಕಷ್ಟ ಒಂದೊಂದಾಗಿ ಹೇಳಿದರು. ಇಲ್ಲೊಂದು ಬ್ರಿಜ್ ಆಗಬೇಕು. ಕ್ಯಾಪ್ಟನ್ ‘ನಾನು ಅವನಲ್ಲ’ ಎನ್ನುತ್ತಾನೆಂದು ಕಾದೆ. ಅವನು ಒದ್ದೆಯಾಗದ ನೋಟ್‌ಬುಕ್ಕು ತೆಗೆದ. ಊರಿನ ಹೆಸರು, ಹೊಳೆಯ ಅಗಲ, ಫೋನ್ ನಂಬರು, ಎಲ್ಲ ಬರೆದುಕೊಂಡ. ಐದು ವರ್ಷದಲ್ಲಿ ಮೊದಲ ಸಲ ಆ ಪುಸ್ತಕ ಉಪಯೋಗಕ್ಕೆ ಬಂದಿತ್ತು.

ಬೆಳಿಗ್ಗೆ ಎದ್ದು ನೋಡಿದರೆ ತಾತ ಹರಗೋಲನ್ನು ತಲೆಯ ಮೇಲೆ ಬೋರಲು ಹೊತ್ತು ತನ್ನ ಊರಿನ ಹಾದಿ ಹಿಡಿದಿದ್ದ. ದೂರದಿಂದ ಎರಡು ಕಾಲು ಮೂಡಿದ ಆಮೆ ನಡೆದಂತೆ ಕಾಣುತ್ತಿತ್ತು. ನಾವು ಬಸ್ಸು ಹತ್ತಿದೆವು. ಅಕ್ಕಿ ಮೂಟೆಗೆ ಕಂಡಕ್ಟರು ಲಗೇಜು ಹಾಕಿದ. ಕ್ಯಾಪ್ಟನ್ ಡ್ರೈವರ್ ಪಕ್ಕದ ಸೀಟು ಹಿಡಿದು ಕೂತ, ಮುಖ ಗೆಲುವಾಗಿತ್ತು. ಬಸ್ಸಿಗೆ ಮುಂದು ಎಂಬುದೊಂದು ಇರುತ್ತದೆ, ಅದು ಜಾಗ ಬಿಟ್ಟು ಕದಲುವುದಿಲ್ಲ.

ಸಿರುಗುಪ್ಪ ದಾಟುವಷ್ಟರಲ್ಲಿ ಅವನ ಫೋನು ಬಡಿಯಿತು. ಆ ಕಡೆಯ ದನಿ ಇಡೀ ಬಸ್ಸಿಗೆ ಕೇಳಿಸುವಷ್ಟು ಗಟ್ಟಿ: ‘ಸಾಹೇಬ್ರೇ, ಬ್ರಿಜ್ಜಿಂದು ಏನಾತ್ರೀ?’

ಕ್ಯಾಪ್ಟನ್ ಒಮ್ಮೆ ಹಿಂತಿರುಗಿ ನಮ್ಮನ್ನು ನೋಡಿದ. ಆಮೇಲೆ ಕಿಟಕಿಯ ಕಡೆ ಹೊರಳಿ, ದನಿ ತಗ್ಗಿಸಿ, ‘ಪ್ರೊಸೆಸ್‌ನಾಗ ಐತಿ’ ಎಂದ.