ಕೋಟು ಹಾಕಿದ ಹುಂಜ

ನಿಮ್ಮ ಹುಂಜ ಸಿಕ್ಕಿತಾ ಅಕ್ಕಾ? ಇನ್ನೂ ಇಲ್ವಾ? ಅಯ್ಯೋ ಪಾಪ. ಹುಂಜದ ಮಾತು ಬಂತು ಅಂತ ನೆನಪಾಯಿತು ನೋಡಿ. ಕಾರವಾರದಲ್ಲಿ ಓದುವ ನಮ್ಮ ತಂಗಿ ಮಗ ಬಂದಿದ್ದಾನಲ್ಲ, ನಿನ್ನೆ ರಾತ್ರಿ ಲ್ಯಾಪ್‌ಟಾಪಿನಲ್ಲಿ ಒಂದು ಆಟ ತೋರಿಸಿದ. ‘ಚಿಕನ್ ಪೊಲೀಸ್’ ಅಂತೆ. 2020ರದ್ದು, ಬುಡಾಪೆಸ್ಟಿನವರು ಮಾಡಿದ್ದು. ಅದರ ಪತ್ತೇದಾರ ಸನ್ನಿ ಫೆದರ್‌ಲ್ಯಾಂಡ್ ಒಬ್ಬ ಹುಂಜ! ಬರೆದ ಚಿತ್ರವಲ್ಲ ಮತ್ತೆ. ಕೋಟು, ಟೈ ತೊಟ್ಟ ಮನುಷ್ಯನ ಮೈ, ಅದರ ಮೇಲೆ ಅಸಲಿ ಹುಂಜದ ತಲೆ, ಜುಟ್ಟು ಸಮೇತ. ಆ ಟೈ ಗಂಟು ಕುತ್ತಿಗೆಯ ಗರಿಯ ಮೇಲೆ ಜಾರದೆ ಹೇಗೆ ನಿಲ್ಲುತ್ತದೆ ಅಂತ ನೋಡುವುದರಲ್ಲೇ ಅರ್ಧ ಗಂಟೆ ಹೋಯಿತು, ಕಥೆ ತಲೆಗೇ ಹತ್ತಲಿಲ್ಲ.

ಓಡಬೇಕು, ಹಾರಬೇಕು ಅಂತೇನೂ ಇಲ್ಲ. ಕಂಡದ್ದರ ಮೇಲೆ ಬಾಣದ ಗುರುತು ಇಟ್ಟು ಒತ್ತುವುದು, ಅಷ್ಟೇ. ಯಾವುದನ್ನು ಒತ್ತಿದರೂ ಹುಂಜಪ್ಪ ಗೊಗ್ಗರು ದನಿಯಲ್ಲಿ ಒಂದು ಕೊಂಕು ನುಡಿಯುತ್ತಾನೆ. ತೀರಿಹೋದ ನಮ್ಮ ದೊಡ್ಡಪ್ಪನೇ ಬಂದು ಕೂತ ಹಾಗಾಯಿತು.

ಬಣ್ಣವೂ ಇಲ್ಲ. ಎಲ್ಲ ಕಪ್ಪು-ಬಿಳುಪು, ಅಲ್ಲೊಂದು ಇಲ್ಲೊಂದು ಕೆಂಪು. ‘ಇದಕ್ಕೆ ನುವಾರ್ ಅಂತಾರೆ ದೊಡ್ಡಮ್ಮಾ, ಫ್ರೆಂಚಿನಲ್ಲಿ ಕರಿ ಅಂತ ಅರ್ಥ’ ಅಂದ. ಅಂಕೋಲೆಯವಳಿಗೆ ಕರಿ ಅಂದರೆ ನೆನಪಾಗುವುದು ಇಶಾಡ ಮಾವು ತಾನೇ? 2023ರಲ್ಲಿ ಅದಕ್ಕೆ ಜಿ.ಐ. ಅನ್ನುವ ಭೌಗೋಳಿಕ ಗುರುತು ಸಿಕ್ಕಿದ ಮೇಲಂತೂ ನಮ್ಮ ಕರಿ ಇಶಾಡಕ್ಕೆ ಕೊಂಬೇ ಬಂದಿದೆ. ಇರಲಿ. ಈ ಜಾತಿಯ ಕಥೆಯಲ್ಲಿ ರಾತ್ರಿ, ಮಳೆ, ಒಂಟಿ ದೀಪ ಇರಲೇಬೇಕಂತೆ, ಅಮೆರಿಕದ ಹಳೇ ಸಿನಿಮಾಗಳಿಂದ ಬಂದ ರೂಢಿ. ಮಳೆ ಬಿತ್ತೋ, ಏನೋ ಕೇಡು ಕಾದಿದೆ ಅಂತ. ವರ್ಷಕ್ಕೆ 3000 ಮಿಲಿಮೀಟರ್ ಆಸುಪಾಸು ಸುರಿಸಿಕೊಳ್ಳುವ ನಾವು ಹಾಗೆಲ್ಲ ಹೆದರಿ ಕೂತರೆ ಆಗ್ತದಾ? ಮಳೆ ಹಿಡಿದರೆ ನಮಗೆ ಚಿಂತೆ ಒಣಮೀನಿನ ಡಬ್ಬಿದು. ಕರೆಂಟು ಹೋದರೆ ಇಡೀ ಊರೇ ನುವಾರ್, ಅಲ್ವಾ?

ಆಟದಲ್ಲಿ ಮಧ್ಯರಾತ್ರಿ ಒಬ್ಬಳು ಜಿಂಕೆಮುಖದವಳು ಹುಂಜನ ಕೋಣೆಗೆ ಬರುತ್ತಾಳೆ. ಅವಳ ಒಡತಿ, ಹಾಡುಗಾರ್ತಿ ನತಾಶಾಗೆ ಯಾರೋ ಬೆದರಿಕೆ ಹಾಕ್ತಿದ್ದಾರಂತೆ. ಆ ನತಾಶಾ ಯಾರು? ಬೆಕ್ಕು! ಬೆಕ್ಕಿಗೆ ಕಾವಲು ಹುಂಜ! ಯಾರಿಗೆ ಹೇಳೋಣ ಇದನ್ನ?

ಸಂಶಯ ಬಂದವರನ್ನು ಕೂರಿಸಿ ವಿಚಾರಣೆ ಮಾಡುವುದು ಮಾತ್ರ ನನಗೆ ಹಿಡಿಸಿತು. ಪ್ರಶ್ನೆ ಸರಿ ಬಿದ್ದರೆ ಮೀಟರು ಏರುತ್ತದೆ, ತಪ್ಪಿದರೆ ಇಳಿಯುತ್ತದೆ. ಹುಡುಗ ನಾಲ್ಕು ಸಲ ತಪ್ಪಿದ. ಮೀನು ಪೇಟೆಗೆ ಹೋದವನಾಗಿದ್ದರೆ ತಪ್ಪುತ್ತಿದ್ದನಾ? ಬಂಗಡೆಯ ಕಿವಿರು ಎತ್ತಿ ನೋಡಿ, ‘ಇವತ್ತಿಂದಾ, ಮಂಜುಗಡ್ಡೆದಾ?’ ಅಂತ ಕೇಳಿ, ಬಾಯಿ ಹೇಳುವುದನ್ನು ಬಿಟ್ಟು ಮೀನಿನವಳ ಕಣ್ಣು ನೋಡಬೇಕು. ಸನ್ನಿಗೂ ಇಷ್ಟು ಬಾರದು.

ನಾನು ಪತ್ತೇದಾರಿ ಕಲಿತದ್ದು ಎನ್. ನರಸಿಂಹಯ್ಯನವರ ಪುಸ್ತಕದಲ್ಲಿ. ‘ಪತ್ತೇದಾರ ಪುರುಷೋತ್ತಮ’ ನೆನಪಿದೆಯಾ? ನಮ್ಮ ಕೈಗೆ ಬರುವಷ್ಟರಲ್ಲಿ ಅವರ ಪುಸ್ತಕಗಳ ಕೊನೆಯ ಹಾಳೆಗಳು ಯಾವುದೋ ಶೇಂಗಾ ಪೊಟ್ಟಣಕ್ಕೆ ಹೋಗಿರುತ್ತಿದ್ದವು. ನಾನೂ ತಂಗಿಯೂ ಹಾಸಿಗೆಯಲ್ಲಿ ಮಲಗಿ ಕೊಲೆಗಾರ ಯಾರು ಅಂತ ನಾವೇ ಗೊತ್ತು ಮಾಡುತ್ತಿದ್ದೆವು. ತಂಗಿಗೆ ಯಾವಾಗಲೂ ಮೀಸೆಯವನ ಮೇಲೇ ಗುಮಾನಿ. ಈ ಆಟದಲ್ಲಿ ಮೀಸೆ ನೋಡಿ ಹೇಳೋಣ ಅಂದರೆ, ಬೆಕ್ಕಮ್ಮನಿಗೂ ಮೀಸೆ!

ಮುಂದೇನಾಯಿತು ಅಂದ್ರಾ? ನೋಡಲಿಲ್ಲ. ಬೆಳಗ್ಗೆ ಬೇಗ ಏಳುವುದಿತ್ತು. ಜೂನ್ ಒಂದರಿಂದ 61 ದಿನ ಯಾಂತ್ರಿಕ ದೋಣಿ ಕಡಲಿಗಿಳಿಯುವ ಹಾಗಿಲ್ಲ, ಪೇಟೆಯಲ್ಲಿ ಸಿಗುವ ನಾಲ್ಕು ಮೀನಿಗೆ ಬಂಗಾರದ ರೇಟು. ಹುಡುಗ ಬೇರೆ ಬಂದಿದ್ದಾನೆ, ಹಾಗಾಗಿ...

ಹೌದು ಅಕ್ಕಾ, ಕೋಳಿ ಸಾರಿನದೇ ವಾಸನೆ. ವಡೆಯೂ ಮಾಡಿದ್ದೇನೆ. ಅಯ್ಯೋ, ಹಾಗೆ ನೋಡಬೇಡಿ ಮಾರಾಯ್ತಿ, ಅಂಗಡಿಯಿಂದ ತಂದದ್ದು! ಚೀಟಿಯಾ? ಕೋಳಿ ಅಂಗಡಿಯವ ಚೀಟಿ ಯಾವಾಗ ಕೊಟ್ಟಿದ್ದಾನೆ? ಎಲ್ಲಿ, ಯಾವ ಕೆಂಪು ಗರಿ? ಅದಾ... ಅದು ನಿಮ್ಮದೇ ಹುಂಜ ಬೇಲಿ ಹಾರುವಾಗ ಬೀಳಿಸಿದ್ದಿರಬೇಕು, ಅಲ್ವಾ?