ಸದರಿ ಬೇಲಿಯ ಆಚೆ ಈಚೆ

ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಇರುವುದನ್ನು ಬೇಲಿ ಅಂದರೆ ಬೇಲಿ, ಇಲ್ಲ ಅಂದರೆ ಇಲ್ಲ. ಒಂದು ಕಾಲದಲ್ಲಿ ಒತ್ತಾದ ದಾಸವಾಳದ ಸಾಲಿತ್ತು. ಆಡುಗಳು ಮೇಯ್ದು ಮಾಡಿದ ಸಂದಿಯಲ್ಲಿ ಈಗ ಕರಿಬೇವು, ದಿನಪತ್ರಿಕೆ, ಊರಿನ ಸುದ್ದಿ ಎಲ್ಲವೂ ಸಲೀಸಾಗಿ ದಾಟುತ್ತವೆ. ಮೊನ್ನೆ ನಮ್ಮಲ್ಲಿ ಗ್ಯಾಸ್ ಖಾಲಿಯಾದ ಮೇಲೆ ಎರಡು ಹೊತ್ತಿನ ಕಾಫಿಯೂ ಅಲ್ಲಿಂದಲೇ ಬರುತ್ತಿದೆ. ಕಾಫಿಯ ಜೊತೆಗೆ ಪಂಚಾಯಿತಿಯೂ ಬರುತ್ತದೆ. ಒಂದು ಬೇಕು, ಇನ್ನೊಂದು ಬೇಡ ಅನ್ನುವ ಹಾಗಿಲ್ಲ.

ಪಕ್ಕದ ಮನೆಯಾಕೆ ನಮ್ಮ ಗ್ರಾಮ ಪಂಚಾಯಿತಿಯ ಸದಸ್ಯೆ. ಊರಿಗೆಲ್ಲ ಈಗ ಮೆಂಬರಮ್ಮ. ಗೆದ್ದ ಹೊಸದರಲ್ಲಿ ಮಾತ್ರ ಜನ 'ಮೆಂಬರ್ರೇ' ಅಂತ ಕೂಗುತ್ತಿದ್ದದ್ದು ಅವರ ಯಜಮಾನರನ್ನು. ಸಹಿ ಈಕೆಯದು, ಮಾತು ಅವರದು. ತರಬೇತಿಯ ನೋಟೀಸು ಬಂದಾಗಲೂ ಮೊದಲು ಇಸ್ತ್ರಿ ಷರ್ಟು ಹಾಕಿಕೊಂಡು ನಿಂತವರು ಅವರೇ. ತಾಲ್ಲೂಕಿನ ಸಾಮರ್ಥ್ಯ ಸೌಧದ ಬಾಗಿಲಲ್ಲಿ, ಸದಸ್ಯರು ಒಳಗೆ, ಯಜಮಾನರು ಹೊರಗೆ ಅಂದುಬಿಟ್ಟರಂತೆ. ಅಂಥ ಹತ್ತು ಹನ್ನೆರಡು ಯಜಮಾನರು ದಿನವೆಲ್ಲ ಹೊಂಗೆ ಮರದ ಕೆಳಗೆ ಕೂತು ತಮ್ಮದೇ ಒಂದು ಸಭೆ ನಡೆಸಿದರು. ಕೋರಂಗೇನೂ ಕೊರತೆಯಿರಲಿಲ್ಲ.

"ಒಳಗೆ ಏನು ಹೇಳಿಕೊಟ್ರು ಮೆಂಬರಮ್ಮ?" ಅಂದೆ.

"ಟಿವಿ ಹಾಕಿದ್ರು ಮೇಷ್ಟ್ರೇ. ಮೈಸೂರಿಂದ ಪಾಠ. ಮೋಡ ಮುಚ್ಕೊಂಡ್ರೆ ಮೈಸೂರೇ ಹೊರಟೋಗೋದು."

ಆಕೆ ಹೇಳಿದ್ದು ಮೈಸೂರಿನ ಲಲಿತಮಹಲ್ ರಸ್ತೆಯಲ್ಲಿರುವ ಅಬ್ದುಲ್ ನಜೀರ್ ಸಾಬ್ ಸಂಸ್ಥೆಯ ಉಪಗ್ರಹ ಪಾಠವನ್ನು. ಅಲ್ಲಿ ಸ್ಟುಡಿಯೋದಲ್ಲಿ ಒಬ್ಬರು ಮಾತಾಡಿದರೆ ತಾಲ್ಲೂಕು ತಾಲ್ಲೂಕಿನಲ್ಲಿ ಕೇಳಿಸುತ್ತದೆ. ಇಲ್ಲಿಂದ ಫೋನು ಮಾಡಿ ಪ್ರಶ್ನೆ ಕೇಳಬಹುದು. ಬೇರೆ ದಾರಿಯೂ ಇಲ್ಲವೆನ್ನಿ. ಸುಮಾರು 400 ಜನರಿಗೆ ಒಬ್ಬ ಸದಸ್ಯ ಅನ್ನುವ ಲೆಕ್ಕದಲ್ಲಿ, ರಾಜ್ಯದ 6,000ದ ಹತ್ತಿರ ಹತ್ತಿರ ಪಂಚಾಯಿತಿಗಳಲ್ಲಿ 90,000 ಆಸುಪಾಸು ಸದಸ್ಯರು. ಅಷ್ಟು ಜನರನ್ನು ಮೈಸೂರಿಗೇ ಕರೆಸಿದರೆ ದಸರಾ ಆದೀತು, ಪಾಠ ಆಗಲಾರದು.

ನಜೀರ್ ಸಾಬರ ಹೆಸರು ಬಂದದ್ದೇ ನನ್ನ ನಾಲಿಗೆಗೆ ಕಡಿವಾಣ ತಪ್ಪಿತು. ರಾಮಕೃಷ್ಣ ಹೆಗಡೆಯವರ ಸಂಪುಟದಲ್ಲಿದ್ದವರು. ಹಳ್ಳಿ ಹಳ್ಳಿಗೆ ಬೋರ್‌ವೆಲ್ ಕೊರೆಸಿ 'ನೀರ್ ಸಾಬ್' ಅನ್ನಿಸಿಕೊಂಡವರು. ದಿಲ್ಲಿಯವರು 1992ರಲ್ಲಿ ಸಂವಿಧಾನಕ್ಕೆ 73ನೇ ತಿದ್ದುಪಡಿ ತರುವ ಮೊದಲೇ, 1987ರಲ್ಲಿ ಇಲ್ಲಿ ಮಂಡಲ ಪಂಚಾಯಿತಿಗೆ ಚುನಾವಣೆ ನಡೆದು ನೂರಕ್ಕೆ 25 ಸೀಟು ಹೆಂಗಸರಿಗೆ ಸಿಕ್ಕಿತ್ತು. ನಮ್ಮ ದೊಡ್ಡಮ್ಮ ಆಗ ಮಂಡಲ ಮೆಂಬರು. ತರಬೇತಿ ಅಂದರೇನು ಅಂತ ಅವರಿಗೆ ಯಾರೂ ಹೇಳಲಿಲ್ಲ. ಸಭೆಗೆ ಹೋಗುವುದು, ಮೂಲೆಯ ಕುರ್ಚಿಯಲ್ಲಿ ಕೂರುವುದು, ಬಿಸ್ಕತ್ತನ್ನು ಸೆರಗಿಗೆ ಕಟ್ಟಿಕೊಂಡು ಬಂದು ಮೊಮ್ಮಕ್ಕಳಿಗೆ ಹಂಚುವುದು. ಆ ಬಿಸ್ಕತ್ತು ತಿಂದವರಲ್ಲಿ ನಾನೂ ಒಬ್ಬ ಅಂತಿಟ್ಟುಕೊಳ್ಳಿ. ವಯಸ್ಸಿನ ಲೆಕ್ಕ ಹಾಕಬೇಡಿ.

"ಟಿವಿಗಿಂತ ಆಟ ಚೆನ್ನಾಗಿತ್ತು" ಅಂದರು ಮೆಂಬರಮ್ಮ. ನೆಲದ ಮೇಲೆ ರಂಗೋಲಿ ಪುಡಿಯಲ್ಲಿ ಅವರವರ ಊರಿನ ನಕ್ಷೆ ಬರೆಸಿದರಂತೆ. ಕೆರೆ ಎಲ್ಲಿ, ಶಾಲೆ ಎಲ್ಲಿ, ನೀರಿನ ಟ್ಯಾಂಕು ಎಲ್ಲಿ. ಗಂಡಸರು ದೇವಸ್ಥಾನ, ಬಸ್ ಸ್ಟ್ಯಾಂಡು, ಟೀ ಅಂಗಡಿ ಬರೆದು ಕೈಕೊಡವಿ ಎದ್ದರು. ಹೆಂಗಸರು ಕೂತು ಯಾವ ಬೀದಿಯ ಕೊನೆ ಮನೆಗೆ ನೀರು ಏರುವುದಿಲ್ಲ ಅನ್ನುವವರೆಗೂ ಬರೆದರು. ಆಮೇಲೆ ಅಣಕು ಸಭೆ. ಬಾಯೇ ಬಿಡದಿದ್ದ ಒಬ್ಬ ಹೆಣ್ಣುಮಗಳಿಗೆ ಪಿಡಿಓ ಪಾತ್ರ ಕೊಟ್ಟರಂತೆ. ಆಕೆ ಎದ್ದು ನಿಂತು "ಅನುದಾನ ಬಂದಿಲ್ಲ, ಮುಂದಿನ ತಿಂಗಳು ನೋಡೋಣ, ನಾಳೆ ಬನ್ನಿ" ಅಂತ ಎಲ್ಲರನ್ನೂ ಗದರಿಸಿದ ಠೀವಿಗೆ, ಪಾಠ ಮಾಡಲು ಬಂದ ಸಂಪನ್ಮೂಲ ವ್ಯಕ್ತಿಗಳೇ ಬೆಚ್ಚಿಬಿದ್ದರಂತೆ. ಅಷ್ಟು ವರ್ಷ ಕಚೇರಿ ಸುತ್ತಿ ಕಲಿತದ್ದು ಎಲ್ಲಿ ಹೋದೀತು!

ಮೆಂಬರಮ್ಮನಿಗೆ ನಿಜವಾಗಿ ನಾಟಿದ್ದು ನಡಾವಳಿ ಪುಸ್ತಕದ ಪಾಠ. ಸಭೆಯಲ್ಲಿ ಮೊದಲು ಹಾಜರಿ ಅಂತ ಎಲ್ಲರ ಸಹಿ ಹಾಕಿಸುತ್ತಾರೆ. ಮಾತು, ಜಗಳ, ಟೀ, ಬೋಂಡ ಮುಗಿದು ಮನೆಗೆ ಬಂದ ಮೇಲೆ ಆ ಸಹಿಗಳ ಕೆಳಗಿನ ಖಾಲಿ ಹಾಳೆ ತಾನೇ ತುಂಬಿಕೊಳ್ಳುತ್ತದೆ. ತರಬೇತಿ ಮುಗಿಸಿ ಬಂದವರು ಹಳೆಯ ಪುಸ್ತಕ ಕೇಳಿ ತೆಗೆಸಿದರು. ಅದರಲ್ಲಿ ನಮ್ಮ ಬೀದಿಯ ಚರಂಡಿ ಹೂಳೆತ್ತಲು 'ಸರ್ವಾನುಮತದಿಂದ ತೀರ್ಮಾನಿಸಲಾಯಿತು' ಅಂತಿತ್ತು. ಮುಂದಿನ ಸಭೆಯ ಪುಟದಲ್ಲಿ ಹೂಳೆತ್ತಿದ ಬಿಲ್ಲಿಗೆ ಒಪ್ಪಿಗೆಯೂ ಆಗಿತ್ತು. ಎರಡಕ್ಕೂ ಈಕೆಯ ದುಂಡನೆಯ ಸಹಿ. ಚರಂಡಿ ಮಾತ್ರ ಅವತ್ತೂ ತುಂಬಿತ್ತು, ಇವತ್ತೂ ತುಂಬಿದೆ. ವಾಸನೆಗೆ ನಾವಿಬ್ಬರೂ ಸಾಕ್ಷಿ.

ಆ ತಿಂಗಳಿಂದ ಶುರುವಾಯಿತು ನನ್ನ ಕೆಲಸ. ಆಕೆ ಓದಿರುವುದು ಏಳನೇ ಕ್ಲಾಸು. ನಾನು ಮೂವತ್ತು ವರ್ಷ ಕನ್ನಡ ಕಲಿಸಿದವನು. ಬೇಲಿಯ ಮೇಲೆ ಹಾಳೆ ಹರವಿ "ಇದೇನು ಮೇಷ್ಟ್ರೇ" ಅನ್ನುತ್ತಾರೆ. 'ಉಲ್ಲೇಖಿತ ಪತ್ರದ ಮೇರೆಗೆ, ಸದರಿ ಕಾಮಗಾರಿಯನ್ನು ಕ್ರಿಯಾ ಯೋಜನೆಯಲ್ಲಿ ಅಳವಡಿಸಿಕೊಂಡು, ನಿಯಮಾನುಸಾರ ಕ್ರಮ ಕೈಗೊಳ್ಳತಕ್ಕದ್ದು.' ಪಂಪನಿಗೆ ಅರ್ಥ ಹೇಳಿಬಿಡಬಹುದು, ಈ 'ಸದರಿ' ನನ್ನನ್ನು ಸೋಲಿಸಿತು. ಮೇಲೆ ಹೇಳಿದ್ದು ಅಂತ ಅದರ ಅರ್ಥ. ಮೇಲೆ ನೋಡಿದರೆ ಅಲ್ಲೂ 'ಸದರಿ'. ಇನ್ನೂ ಮೇಲೆ ಹೋದರೆ ರಬ್ಬರ್ ಮೊಹರು.

ಸುತ್ತೋಲೆ ಅನ್ನುವ ಪದವನ್ನು ಕಟ್ಟಿದ ಪುಣ್ಯಾತ್ಮ ಯಾರೋ, ಅವರಿಗೆ ಸರ್ಕಾರ ಚೆನ್ನಾಗಿ ಗೊತ್ತಿತ್ತು. ಓಲೆ ಬೆಂಗಳೂರಿನಲ್ಲಿ ಹುಟ್ಟಿ, ಜಿಲ್ಲೆ ಸುತ್ತಿ, ತಾಲ್ಲೂಕು ಸುತ್ತಿ, ನಮ್ಮ ಪಂಚಾಯಿತಿಯ ಫೈಲು ಸೇರುವಷ್ಟರಲ್ಲಿ ಅದರಲ್ಲಿದ್ದ ಕೊನೆಯ ದಿನಾಂಕ ದಾಟಿರುತ್ತಿತ್ತು. ಈಗ ವಾಟ್ಸಾಪಿನಲ್ಲಿ ಆ ಗಳಿಗೆಯಲ್ಲೇ ಬರುತ್ತದೆ. ಗುಡ್ ಮಾರ್ನಿಂಗ್ ಹೂಗಳ ಅಡಿಯಲ್ಲಿ ಹೂತುಹೋಗುತ್ತದೆ, ಅಷ್ಟೇ ವ್ಯತ್ಯಾಸ. ಮೆಂಬರಮ್ಮ ಹೂಗಳನ್ನೆಲ್ಲ ಸರಿಸಿ ಸುತ್ತೋಲೆ ಹುಡುಕುವುದನ್ನು ಕಲಿತಿದ್ದಾರೆ. ನಮ್ಮ ಮನೆಯ ಇ-ಸ್ವತ್ತಿಗೆ ಯಾವ ಯಾವ ನಮೂನೆ ಬೇಕು ಅಂತ ನನಗೆ ಹೇಳಿದವರೂ ಅವರೇ. ಅಲ್ಲಿಯವರೆಗೆ ನಾನು ಕಂದಾಯದ ರಸೀತಿಯನ್ನೇ ಖಾತೆ ಅಂದುಕೊಂಡು ಟ್ರಂಕಿನಲ್ಲಿ ಪೂಜೆ ಮಾಡುತ್ತಿದ್ದೆ.

ಕಳೆದ ಸಭೆಯಲ್ಲಿ ಆಕೆ ಪೆನ್ನಿನ ಕ್ಯಾಪು ತೆಗೆಯಲಿಲ್ಲವಂತೆ. "ಮೊದಲು ಬರೀರಿ, ಬರೆದದ್ದು ಓದಿ ಹೇಳಿ, ಆಮೇಲೆ ಸಹಿ" ಅಂದರಂತೆ. ಸಭೆ ಸಂಜೆಯವರೆಗೆ ಎಳೆಯಿತು. ಬೋಂಡ ಆರಿತು. ಉಳಿದ ಮೆಂಬರುಗಳಿಗೆ ಸಿಟ್ಟು ಬಂತು. ಚರಂಡಿಯ ವಿಷಯ ಓದಿಸುವಾಗ ಮಾತ್ರ ಒಬ್ಬರೂ ಕೆಮ್ಮಲಿಲ್ಲ.

"ಭೇಷ್" ಅಂದೆ. "ಹಿಂಗೇ ಜಾಡಿಸಬೇಕು. ಈ ಪಂಚಾಯಿತಿಯವರಿಗೆ ಕೇಳೋರಿಲ್ಲದೆ..."

"ಬರೋ ಸೋಮವಾರ ಗ್ರಾಮಸಭೆ ಅದೆ ಮೇಷ್ಟ್ರೇ. ಇದನ್ನೇ ಅಲ್ಲಿ ಬಂದು ಹೇಳಿ. ಇಷ್ಟು ವರ್ಷದಲ್ಲಿ ನೀವು ಎಷ್ಟು ಗ್ರಾಮಸಭೆಗೆ ಬಂದಿದ್ರಿ?"

ದಾಸವಾಳದ ಮೊಗ್ಗೊಂದನ್ನು ಪರೀಕ್ಷಿಸಿದೆ. ಲೋಟದ ತಳದ ಕಾಫಿ ನೋಡಿದೆ.

"ತಡೀರಿ, ಒಲೆ ಮೇಲೆ ಹಾಲಿಟ್ಟು ಬಂದಿದ್ದೆ" ಅಂತ ಹಿಂದಿರುಗಿದೆ.

"ಗ್ಯಾಸೇ ಇಲ್ಲವಲ್ಲ ಮೇಷ್ಟ್ರೇ, ನಿಮ್ಮನೇಲಿ" ಅಂದರು ಮೆಂಬರಮ್ಮ.